ಕೋಳಿ ಕಲಿಸಿದ ಪಾಠ

ಹಾರುವ ವಿಮಾನಕ್ಕೆ ಹಕ್ಕಿ ಬಡಿಯುವುದು ಹೊಸ ಸಂಗತಿಯೇನಲ್ಲ. ಆದ್ದರಿಂದಲೇ ಹೊಸ ಎಂಜಿನ್ ತಯಾರಾದಾಗ ಸತ್ತ ಕೋಳಿಯೊಂದನ್ನು ಗಾಳಿಯ ಒತ್ತಡದ ತೋಪಿನಿಂದ ಅದರೊಳಕ್ಕೆ ಹಾರಿಸಿ ನೋಡುವ ಪದ್ಧತಿಯಿದೆ. ಕೇಳುವವರಿಗೆ ನಗು ತರಿಸುವ ಈ ಪರೀಕ್ಷೆ 1970ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ರೋಲ್ಸ್‌ರಾಯ್ಸ್ ಕಂಪನಿಯವರಿಗೆ ನಗುವ ವಿಷಯವಾಗಿ ಉಳಿಯಲಿಲ್ಲ.

ಅಮೆರಿಕದ ಲಾಕ್‌ಹೀಡ್ ಕಂಪನಿಯ ಟ್ರೈಸ್ಟಾರ್ ವಿಮಾನಕ್ಕೆ ಎಂಜಿನ್ ಒದಗಿಸುವ ಕರಾರು 1968ರಲ್ಲಿ ರೋಲ್ಸ್‌ರಾಯ್ಸ್‌ಗೆ ದೊರೆತಿತ್ತು. ಆರ್‌ಬಿ 211 ಎಂಬ ಆ ಎಂಜಿನ್ನಿನ ಮುಂಭಾಗದ ದೊಡ್ಡ ಫ್ಯಾನಿನ ಅಲಗುಗಳನ್ನು ಲೋಹಕ್ಕೆ ಬದಲಾಗಿ 'ಹೈಫಿಲ್' ಎಂಬ ವಸ್ತುವಿನಿಂದ ಮಾಡಲು ಅವರು ಹೊರಟರು. ರಾಳದಲ್ಲಿ ಕೂಡಿಸಿದ ಇಂಗಾಲದ ಎಳೆಗಳೇ ಹೈಫಿಲ್. ಇಂಥ ಬಲವಾದ ಎಳೆಗಳನ್ನು ತಯಾರಿಸುವ ವಿಧಾನವನ್ನು 1960ರ ದಶಕದ ಆರಂಭದಲ್ಲಿ ಫಾರ್ನ್‌ಬರೋದ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ವಾಟ್, ಫಿಲಿಪ್ಸ್, ಜಾನ್ಸನ್ ಎಂಬವರು ರೂಪಿಸಿದ್ದರು. ಟೈಟೇನಿಯಮ್ಮಿಗಿಂತ ಹಗುರ, ಎಳೆದರೆ ಜಗ್ಗದಷ್ಟು ಗಟ್ಟಿ. ಇನ್ನೇನು ಬೇಕು?

ಬೇಕಾದದ್ದು ಏಟು ತಡೆಯುವ ಗುಣ. ಕೋಳಿ ಬಡಿದೊಡನೆ ಅಲಗುಗಳು ಚೂರಾದವು. ಪುಣ್ಯಕ್ಕೆ ಟೈಟೇನಿಯಮ್ ಅಲಗುಗಳ ಕೆಲಸವನ್ನೂ ಜೊತೆಜೊತೆಗೆ ನಡೆಸಿದ್ದರು. ಎಂಜಿನ್ ಉಳಿಯಿತು, 1972ರಲ್ಲಿ ಪ್ರಯಾಣಿಕರನ್ನೂ ಹೊತ್ತಿತು. ಆದರೆ 1971ರ ಫೆಬ್ರವರಿ 4ರಂದು ಕಂಪನಿ ದಿವಾಳಿಯಾಗಿ ಸರ್ಕಾರದ ಪಾಲಾಯಿತು. ಕೋಳಿಯೇ ಕಂಪನಿಯನ್ನು ಕೆಡವಿತೆನ್ನುವುದು ಅತಿಶಯೋಕ್ತಿ. ಕಡಿಮೆ ಬೆಲೆಗೆ ಒಪ್ಪಿಕೊಂಡ ಕರಾರು, ಹತೋಟಿ ತಪ್ಪಿದ ಖರ್ಚು, ಇವೇ ಮುಖ್ಯ ಕಾರಣಗಳು.

ಬಲ ಬೇರೆ, ಏಟು ತಡೆಯುವ ಶಕ್ತಿ ಬೇರೆ. ಸ್ಟೀಲಿನ ಕೊಡಪಾನ ಕೈಜಾರಿ ಬಿದ್ದರೆ ನೆಗ್ಗುತ್ತದೆ. ಆ ನೆಗ್ಗೇ ಪೆಟ್ಟಿನ ಶಕ್ತಿಯನ್ನು ನುಂಗುತ್ತದೆ, ಬಿದ್ದದ್ದನ್ನು ನಾಲ್ಕು ಜನಕ್ಕೆ ತಿಳಿಸುತ್ತದೆ ಕೂಡ. ಎಳೆ ಮತ್ತು ರಾಳದ ಪದರಗಳಿಂದಾದ ಈ ಸಂಯುಕ್ತ ವಸ್ತು ಹಾಗೆ ನೆಗ್ಗಲಾರದು. ಮೆಕ್ಯಾನಿಕ್‌ನ ಕೈಯಿಂದ ಸ್ಪ್ಯಾನರ್ ಬಿದ್ದರೆ ಮೇಲ್ಮೈ ಹೆಚ್ಚುಕಡಿಮೆ ಮೊದಲಿನಂತೆಯೇ ಕಾಣಬಹುದು. ಒಳಗೆ ಪದರಗಳು ಒಂದನ್ನೊಂದು ಬಿಟ್ಟುಕೊಂಡಿರುತ್ತವೆ. ಅಂಥ ಭಾಗದ ಮೇಲೆ ಒತ್ತಡ ಬಿದ್ದಾಗ ಬಲ ಬಹಳ ಕುಗ್ಗಿರುತ್ತದೆ.

ಇಷ್ಟಾದರೂ ಈ ವಸ್ತುವನ್ನು ಯಾರೂ ಕೈಬಿಡಲಿಲ್ಲ. 1995ರಲ್ಲಿ ಬಳಕೆಗೆ ಬಂದ ಅಮೆರಿಕದ ಜಿಇ 90 ಎಂಜಿನ್ನಿನ ಅಲಗುಗಳು ಇದರವೇ, ಆದರೆ ಏಟು ತಿನ್ನುವ ಅಂಚಿಗೆ ಟೈಟೇನಿಯಮ್ಮಿನ ಹೊದಿಕೆ. ನಮ್ಮ ಬೆಂಗಳೂರಿನಲ್ಲಿ ರೂಪುಗೊಂಡು 2001ರಲ್ಲಿ ಮೊದಲು ಹಾರಿದ ತೇಜಸ್ ಯುದ್ಧವಿಮಾನದ ರೆಕ್ಕೆಗಳೂ ಇಂಥವೇ. 2012ರಿಂದ ಏರ್ ಇಂಡಿಯಾ ಹಾರಿಸುತ್ತಿರುವ ಬೋಯಿಂಗ್ 787ರ ತೂಕದಲ್ಲಂತೂ ಸುಮಾರು ಅರ್ಧ ಪಾಲು ಇದರದೇ.

ಹಾಗಾದರೆ ಕಾಣದ ಪೆಟ್ಟಿಗೆ ಏನು ಉಪಾಯ? ಶ್ರವಣಾತೀತ ಧ್ವನಿಯಿಂದ ಒಳಗನ್ನು ಪರೀಕ್ಷಿಸುತ್ತಾರೆ. ಮಡಕೆ ಕೊಳ್ಳುವಾಗ ನಮ್ಮ ಅಜ್ಜಿಯರು ಬೆರಳಿನಿಂದ ತಟ್ಟಿ ಕೇಳುತ್ತಿದ್ದಂತೆ ನಾಣ್ಯದಿಂದ ತಟ್ಟಿ ಕೇಳುವುದೂ ಉಂಟು. ಆದರೆ ದಿನವೂ ಇಡೀ ವಿಮಾನವನ್ನು ತಟ್ಟುತ್ತ ಕೂರಲಾದೀತೇ? ಅಮೆರಿಕದ ವಿಮಾನಯಾನ ಆಡಳಿತ 1978ರಲ್ಲಿ ಹೊರಡಿಸಿ 2009ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಹಾನಿಯನ್ನು ಐದು ವರ್ಗಗಳಾಗಿ ವಿಂಗಡಿಸುತ್ತದೆ. ಮೊದಲನೆಯದು ಕಣ್ಣಿಗೆ ಬೀಳದ ಹಾನಿ. ಅದು ಇದ್ದೇ ಇದೆಯೆಂದು ಭಾವಿಸಿ, ಹಾರಾಟದಲ್ಲಿ ನಿರೀಕ್ಷಿಸಬಹುದಾದ ಗರಿಷ್ಠ ಭಾರದ ಒಂದೂವರೆ ಪಟ್ಟನ್ನು ಆಯುಷ್ಯಪೂರ್ತಿ ತಾಳುವಂತೆ ವಿಮಾನವನ್ನು ಕಟ್ಟಬೇಕು. ಪೆಟ್ಟೇ ಬೀಳದೆಂದು ನಂಬಿ ಕೂರುವುದಕ್ಕಿಂತ ಇದು ಎಷ್ಟೋ ವಿವೇಕದ ಮಾತೆಂದು ನನಗೆ ತೋರುತ್ತದೆ.

ಐದನೆಯ ವರ್ಗ ಮಾತ್ರ ಲೆಕ್ಕಾಚಾರಕ್ಕೆ ನಿಲುಕುವುದಿಲ್ಲ. ನೆಲದ ಮೇಲೆ ಸಾಮಾನಿನ ಗಾಡಿಯೊಂದು ವಿಮಾನಕ್ಕೆ ಜೋರಾಗಿ ಗುದ್ದಿದಂಥ ಸಂದರ್ಭ ಅದು. ಹೊರಗೆ ಹೆಚ್ಚೇನೂ ಕಾಣದೆ ಒಳಗಿನ ಆಧಾರಗಳೇ ಮುರಿದಿರಬಹುದು. ಇದಕ್ಕೆ ಮಾರ್ಗಸೂಚಿ ಹೇಳುವ ಉಪಾಯ ಒಂದೇ: ಗುದ್ದಿದವನು, ಇಲ್ಲವೇ ಕಂಡವನು, ವಿಮಾನ ಹೊರಡುವ ಮುನ್ನ ಬಾಯಿಬಿಟ್ಟು ಹೇಳಬೇಕು.