ಬುರುಡೆಯಿಂದ ಕತ್ತಿಗೆ: ವಾಸಿಯಾಗದ ತಲೆಪೆಟ್ಟು ಮತ್ತು ಕೈಚಿಕಿತ್ಸೆಗಳು

ತಲೆಗೆ ನೇರವಾಗಿ ಪೆಟ್ಟು ಬಿದ್ದಾಗ, ಇಲ್ಲವೇ ಮೈಗೆ ಬಿದ್ದ ಹೊಡೆತದ ರಭಸಕ್ಕೆ ತಲೆ ಕುಲುಕಿದಾಗ ಮಿದುಳಿನ ಕೆಲಸ ಕೆಲಕಾಲ ಏರುಪೇರಾಗುತ್ತದೆ. ವೈದ್ಯರು ಇದನ್ನು ಕನ್ಕಷನ್ ಎನ್ನುತ್ತಾರೆ. ಎಚ್ಚರ ತಪ್ಪಲೇಬೇಕೆಂದಿಲ್ಲ, ಸಿ.ಟಿ. ಸ್ಕ್ಯಾನ್‌ನಲ್ಲಿ ಬಹುಮಟ್ಟಿಗೆ ಏನೂ ಕಾಣಿಸುವುದೂ ಇಲ್ಲ. ಹೆಚ್ಚಿನ ವಯಸ್ಕರು ಎರಡು ವಾರಗಳಲ್ಲಿ, ಮಕ್ಕಳು ನಾಲ್ಕು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ತೊಂದರೆ ಇರುವುದು ಚೇತರಿಸಿಕೊಳ್ಳದ ಕೆಲವರದು. ತಲೆನೋವು, ತಲೆಸುತ್ತು, ಕತ್ತುನೋವು, ಬೆಳಕು–ಸದ್ದು ಸಹಿಸಲಾಗದಿರುವುದು, ಮರೆವು, ನಿದ್ದೆಗೇಡು, ಸುಸ್ತು ಇವೆಲ್ಲ ಇಂಥವರನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಡುತ್ತವೆ. ಅವರ ಬುರುಡೆ, ಕತ್ತು, ಬೆನ್ನುಗಳನ್ನು ಕೈಯಿಂದ ಒತ್ತಿ, ಎಳೆದು, ಹೊರಳಿಸಿ ಗುಣಪಡಿಸುತ್ತೇವೆ ಎನ್ನುವ ಪದ್ಧತಿಗಳು ಹಲವು. ಅವೆಲ್ಲ ಒಂದೇ ಬಗೆಯವಲ್ಲ, ಅವುಗಳ ಹಿಂದಿರುವ ಆಧಾರವೂ ಒಂದೇ ತೂಕದ್ದಲ್ಲ.

ಈ ರೋಗಿಗಳ ಬಗ್ಗೆ ವೈದ್ಯಲೋಕ ಮೊದಲು ಗಂಭೀರವಾಗಿ ತಲೆಕೆಡಿಸಿಕೊಂಡದ್ದು ರೈಲಿನ ಕಾಲದಲ್ಲಿ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸನ್ 1866ರಲ್ಲಿ ರೈಲು ಅಪಘಾತಗಳಲ್ಲಿ ನರಮಂಡಲಕ್ಕಾಗುವ ಗಾಯಗಳ ಕುರಿತ ತನ್ನ ಉಪನ್ಯಾಸಗಳನ್ನು ಪ್ರಕಟಿಸಿದ. ಮೈಮೇಲೆ ಗಾಯದ ಗುರುತಿಲ್ಲದೆ ನರಳುವವರಿಗೆ ಬೆನ್ನುಹುರಿಯಲ್ಲಿ ನಿಜವಾದ ಪೆಟ್ಟಾಗಿದೆ ಎಂಬುದು ಅವನ ವಾದ. ಪರಿಹಾರದ ಹಣಕ್ಕಾಗಿ ಆಡುವ ನಾಟಕ ಎಂದು ರೈಲ್ವೆ ಕಂಪನಿಗಳ ಪರ ನಿಂತವರು ತಿರುಗಿಬಿದ್ದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸಿಡಿಗುಂಡುಗಳ ನಡುವೆ ಸೈನಿಕರಿಗಾಗುವ ಶೆಲ್ ಶಾಕ್ ಕುರಿತು ಬರೆದಾಗ ಅದೇ ಜಗಳ ಯುದ್ಧಭೂಮಿಗೆ ಹೋಯಿತು. 1934ರಲ್ಲಿ ಅಮೆರಿಕದ ಇಸ್ರೇಲ್ ಸ್ಟ್ರಾಸ್ ಮತ್ತು ನಾಥನ್ ಸವಿಟ್ಸ್ಕಿ ಈ ಲಕ್ಷಣಗಳ ಗುಂಪಿಗೆ ದೈಹಿಕ ಬುಡವಿದೆ ಎಂದು ವಾದಿಸಿದರು. ಮಿದುಳೋ ಮನಸ್ಸೋ ಎಂಬ ಈ ಹಗ್ಗಜಗ್ಗಾಟ ದಶಕಗಟ್ಟಲೆ ನಡೆಯಿತು. ಎರಡಕ್ಕೂ ತುಸು ಕೆಳಗಿರುವ ಕತ್ತನ್ನು ಮುಟ್ಟಿ ನೋಡುವ ಗೋಜಿಗೆ ಹೋದವರು ಕಡಿಮೆ.

ಮುಟ್ಟಿ ನೋಡುವುದನ್ನೇ ಕಸುಬು ಮಾಡಿಕೊಂಡವರು ಬೇರೆ ದಾರಿಯಿಂದ ಬಂದರು. ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ 1874ರಲ್ಲಿ ಆಸ್ಟಿಯೋಪತಿಯ ತತ್ವಗಳನ್ನು ಸಾರಿ, 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದ. 1895ರಲ್ಲಿ ಅಯೋವಾದ ಡೇವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಕಿವಿ ಕೇಳದ ಒಬ್ಬನ ಬೆನ್ನುಮೂಳೆಯನ್ನು ಒತ್ತಿ ಸರಿಪಡಿಸಿದೆನೆಂದು ಹೇಳಿಕೊಂಡು ಕೈರೊಪ್ರಾಕ್ಟಿಕ್ ಪದ್ಧತಿಯನ್ನು ಹುಟ್ಟುಹಾಕಿದ. ಸ್ಟಿಲ್‌ನ ಶಾಲೆಯಲ್ಲಿ ಓದಿದ ವಿಲಿಯಂ ಗಾರ್ನರ್ ಸದರ್ಲ್ಯಾಂಡ್ ಬಿಡಿಬಿಡಿಯಾಗಿ ಜೋಡಿಸಿಟ್ಟ ತಲೆಬುರುಡೆಯೊಂದನ್ನು ನೋಡುತ್ತ, ಕಪಾಲದ ಎಲುಬುಗಳ ಅಂಚು ಮೀನಿನ ಕಿವಿರಿನಂತೆ ಇಳಿಜಾರಾಗಿರುವುದನ್ನು ಗಮನಿಸಿದ. ಅಂಚು ಹೀಗಿರಬೇಕಾದರೆ ಎಲುಬುಗಳು ಉಸಿರಾಟದಂಥ ಒಂದು ಲಯದಲ್ಲಿ ಚಲಿಸುತ್ತಿರಬೇಕು ಎಂದು ಊಹಿಸಿ, ವರ್ಷಗಳ ಕಾಲ ತನ್ನ ತಲೆಯ ಮೇಲೆಯೇ ಪ್ರಯೋಗ ನಡೆಸಿ, 1939ರಲ್ಲಿ ಪುಸ್ತಕ ಬರೆದ. ಕಪಾಲ ಆಸ್ಟಿಯೋಪತಿ ಹುಟ್ಟಿದ್ದು ಹೀಗೆ.

ಅದನ್ನು ಜನರ ನಡುವೆ ಹರಡಿದವನು ಜಾನ್ ಅಪ್ಲೆಜರ್. 1975ರಿಂದ 1983ರವರೆಗೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಈತ ಕ್ರೇನಿಯೊಸೇಕ್ರಲ್ ಥೆರಪಿ ಎಂಬ ಹೆಸರು ಕೊಟ್ಟು, 1985ರಲ್ಲಿ ಫ್ಲೋರಿಡಾದಲ್ಲಿ ತನ್ನದೇ ಸಂಸ್ಥೆ ಕಟ್ಟಿದ. ಆಸ್ಟಿಯೋಪತಿ ವೈದ್ಯರಲ್ಲದವರಿಗೂ ಅಲ್ಲಿ ತರಬೇತಿ ಸಿಕ್ಕಿತು. ಬುರುಡೆಯಿಂದ ಬೆನ್ನಿನ ಬುಡದ ತ್ರಿಕಾಸ್ಥಿಯವರೆಗೆ ಮಿದುಳಿನ ಪೊರೆ ಮತ್ತು ದ್ರವ ನಿಮಿಷಕ್ಕೆ ಆರರಿಂದ ಹನ್ನೆರಡು ಬಾರಿ ಮಿಡಿಯುತ್ತದೆ, ತಲೆಪೆಟ್ಟು ಬಿದ್ದಾಗ ಆ ಮಿಡಿತಕ್ಕೆ ತಡೆಯಾಗುತ್ತದೆ, ಐದು ಗ್ರಾಮಿನಷ್ಟು ಹಗುರವಾಗಿ ಮುಟ್ಟಿ ಅದನ್ನು ಬಿಡಿಸಬಹುದು ಎಂಬುದು ಈ ಪದ್ಧತಿಯ ಸಾರ. ತಿಂಗಳುಗಟ್ಟಲೆ ತಲೆ ಸಿಡಿಯುತ್ತಿರುವವನಿಗೆ ಮಂದಬೆಳಕಿನ ಕೋಣೆಯಲ್ಲಿ ಒಂದು ಗಂಟೆ ಕಾಲ ಯಾರೋ ಮೃದುವಾಗಿ ತಲೆ ಹಿಡಿದು ಕೂತರೆ ಹಾಯೆನಿಸುವುದು ಸಹಜ. ಪ್ರಶ್ನೆ ಅದಲ್ಲ. ಆ ಮಿಡಿತ ಇದೆಯೇ?

ಇದನ್ನು ಪರೀಕ್ಷಿಸುವುದು ಕಷ್ಟವೇನಲ್ಲ. ಒಬ್ಬನೇ ರೋಗಿಯನ್ನು ಇಬ್ಬರು ಅನುಭವಿ ಚಿಕಿತ್ಸಕರು ಮುಟ್ಟಿ ಎಣಿಸಿದಾಗ ಲೆಕ್ಕ ತಾಳೆಯಾಗಬೇಕು. 1994ರಲ್ಲಿ ಅಮೆರಿಕದ ‘ಫಿಸಿಕಲ್ ಥೆರಪಿ’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಿಕಿತ್ಸಕರ ಲೆಕ್ಕಗಳು ಒಂದಕ್ಕೊಂದು ಹೊಂದಲಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಕ್ಕಾಗಿ 1999ರಲ್ಲಿ ನಡೆದ ವಿಸ್ತೃತ ಪರಿಶೀಲನೆ ಈ ಚಿಕಿತ್ಸೆಗೆ ಸಾಕಷ್ಟು ಪುರಾವೆ ಇಲ್ಲವೆಂದಿತು. 2016ರ ಇನ್ನೊಂದು ಸಮೀಕ್ಷೆಯ ತೀರ್ಮಾನವೂ ಬೇರೆಯಾಗಿರಲಿಲ್ಲ. ದೊಡ್ಡವರ ತಲೆಬುರುಡೆಯ ಎಲುಬುಗಳು ಹಲ್ಲುಹಲ್ಲಾಗಿ ಬಿಗಿದುಕೊಂಡಿರುತ್ತವೆ, ವಯಸ್ಸಾದಂತೆ ಬೆಸೆದುಕೊಳ್ಳುತ್ತ ಹೋಗುತ್ತವೆ. ಐದು ಗ್ರಾಂ ಒತ್ತಡಕ್ಕೆ ಅವು ಸರಿದಾಡುತ್ತವೆ ಎಂದು ನಂಬಲು ಅಂಗರಚನೆಯ ಆಧಾರ ಸಿಗುವುದಿಲ್ಲ. ಹಗುರ ಸ್ಪರ್ಶವಾದ್ದರಿಂದ ಅಪಾಯವಿಲ್ಲ ಎಂಬ ಮಾತಿಗೂ ಒಂದು ತಿದ್ದುಪಡಿ ಬೇಕು. ಈ ವಿದ್ಯೆಯನ್ನೇ ಕಲಿಸುತ್ತಿದ್ದ ಫಿಲಿಪ್ ಗ್ರೀನ್‌ಮನ್ 1995ರಲ್ಲಿ ಸಹಲೇಖಕರೊಬ್ಬರೊಂದಿಗೆ ಮಿದುಳುಪೆಟ್ಟಿನ 55 ರೋಗಿಗಳ ವರದಿ ಪ್ರಕಟಿಸಿ, ಅವರಲ್ಲಿ ಮೂವರ ಸ್ಥಿತಿ ಕಪಾಲ ಚಿಕಿತ್ಸೆಯಿಂದ ಕೆಟ್ಟಿತೆಂದು ಬರೆದ. ಸ್ವಂತ ಪಕ್ಷದ ದೋಷವನ್ನು ಹೀಗೆ ದಾಖಲಿಸುವವರು ಯಾವ ಪದ್ಧತಿಯಲ್ಲೂ ವಿರಳ.

ಇದೇ ಕಾಲದಲ್ಲಿ ಕೈಯ ಕೆಲಸ ಸಂಶಯಕ್ಕೆ ಎಡೆಯಿಲ್ಲದಂತೆ ಗೆದ್ದದ್ದು ಇನ್ನೊಂದು ಮೂಲೆಯಲ್ಲಿ, ಒಳಕಿವಿಯಲ್ಲಿ. ತಲೆ ಒಂದು ನಿರ್ದಿಷ್ಟ ಭಂಗಿಗೆ ಬಂದಾಗ ಮಾತ್ರ ಗಿರ್ರನೆ ಸುತ್ತುವ ರೋಗವನ್ನು ರಾಬರ್ಟ್ ಬಾರಾನಿ 1921ರಲ್ಲೇ ವರ್ಣಿಸಿದ್ದ. 1952ರಲ್ಲಿ ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ಅದನ್ನು ಪತ್ತೆಹಚ್ಚುವ ಪರೀಕ್ಷೆ ರೂಪಿಸಿದರು. ಒಳಕಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳಿವೆ. ಪೆಟ್ಟು ಬಿದ್ದಾಗ ಅವು ಕಿತ್ತು ಅರ್ಧವೃತ್ತ ನಾಳಗಳೊಳಗೆ ಜಾರುತ್ತವೆ, ತಲೆ ತಿರುಗಿಸಿದಾಗೆಲ್ಲ ಮಿದುಳಿಗೆ ಸುಳ್ಳು ಸುದ್ದಿ ಕಳಿಸುತ್ತವೆ. ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಜಾನ್ ಎಪ್ಲಿ, ರೋಗಿಯನ್ನು ಮಲಗಿಸಿ ತಲೆಯನ್ನು ಹಂತಹಂತವಾಗಿ ಹೊರಳಿಸಿ ಹರಳುಗಳನ್ನು ನಾಳದಿಂದ ಹೊರಕ್ಕೆ ಉರುಳಿಸುವ ಕ್ರಮವನ್ನು ಕಂಡುಹಿಡಿದ. ಅವನ ಪೂರ್ಣ ಪ್ರಬಂಧ ಪ್ರಕಟವಾದದ್ದು 1992ರಲ್ಲಿ. ಅದಕ್ಕೂ ಮುಂಚೆ ವೃತ್ತಿಬಾಂಧವರು ಅವನನ್ನು ನಂಬಿರಲಿಲ್ಲ. ಈಗ ಕಿವಿ ಮೂಗು ಗಂಟಲು ವೈದ್ಯರೆಲ್ಲರಿಗೂ ಪರಿಚಿತವಾದ ಈ ಕ್ರಮಕ್ಕೆ ಕೆಲವೇ ನಿಮಿಷ ಸಾಕು. ತಲೆಪೆಟ್ಟಿನ ನಂತರ ತಲೆಸುತ್ತು ಎಂದು ಬಂದವರಿಗೆ ಡಿಕ್ಸ್–ಹಾಲ್‌ಪೈಕ್ ಪರೀಕ್ಷೆ ಮಾಡದೆ ಬಿಡುವುದು ಅಕ್ಷಮ್ಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಕಾಥೋರ್ನ್ ಮತ್ತು ಕುಕ್ಸಿ ತಲೆಗೆ ಗಾಯವಾದ ಸೈನಿಕರಿಗಾಗಿ ರೂಪಿಸಿದ ಕಣ್ಣು–ತಲೆ ಚಲನೆಯ ವ್ಯಾಯಾಮಗಳೂ ಇದರೊಂದಿಗೆ ಸೇರಿ, ಸಮತೋಲನದ ಪುನಶ್ಚೇತನ ಎಂಬ ಒಂದು ಶಾಖೆಯೇ ಬೆಳೆಯಿತು.

ಕತ್ತಿನ ಕಥೆ ಇನ್ನೂ ನಿಧಾನವಾಗಿ ಬಿಚ್ಚಿಕೊಂಡಿತು. ಆಟದ ಮೈದಾನದ ಕನ್ಕಷನ್‌ಗಳಲ್ಲಿ ತಲೆ ಅನುಭವಿಸುವ ವೇಗೋತ್ಕರ್ಷ ಸಾಮಾನ್ಯವಾಗಿ ಗುರುತ್ವದ ಹಲವು ಹತ್ತು ಪಟ್ಟು. ಕತ್ತು ಉಳುಕಲು ಅದರ ಸಣ್ಣ ಪಾಲು ಸಾಕು. ಅಂದರೆ ಮಿದುಳು ಕುಲುಕುವಷ್ಟು ಹೊಡೆತ ಬಿದ್ದಾಗ ಕತ್ತು ಪೂರಾ ಪಾರಾಗಿರುವ ಸಂಭವ ಕಡಿಮೆ. ಕತ್ತಿನ ಮೇಲಿನ ಮೂರು ಕಶೇರುಗಳ ನರಗಳೂ ಮುಖದ ಸಂವೇದನೆಯನ್ನು ಹೊರುವ ಟ್ರೈಜೆಮಿನಲ್ ನರವೂ ಮಿದುಳುಕಾಂಡದ ಕೆಳತುದಿಯಲ್ಲಿ ಒಂದೇ ಕಡೆ ಬಂದು ಕೂಡುತ್ತವೆ. ಆದ್ದರಿಂದಲೇ ಕತ್ತಿನ ಕೀಲಿನಲ್ಲಿ ಹುಟ್ಟಿದ ನೋವು ಹಣೆಯಲ್ಲಿ, ಕಣ್ಣಿನ ಹಿಂದೆ ಕಾಣಿಸಿಕೊಳ್ಳುತ್ತದೆ. ನಾರ್ವೆಯ ಒಟಾರ್ ಶಾಸ್ತಾದ್ 1983ರಲ್ಲಿ ಇಂಥ ಕತ್ತುಮೂಲದ ತಲೆನೋವನ್ನು ಪ್ರತ್ಯೇಕ ರೋಗವಾಗಿ ಗುರುತಿಸಿದ. ತಲೆ ಎತ್ತ ತಿರುಗಿದೆ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಸಂವೇದಕಗಳೂ ಕತ್ತಿನ ಸಣ್ಣ ಸ್ನಾಯುಗಳಲ್ಲಿ ದಟ್ಟವಾಗಿವೆ. ಅವು ಕೆಟ್ಟರೆ ಕಣ್ಣು, ಕಿವಿ, ಕತ್ತುಗಳ ವರದಿಗಳು ತಾಳೆಯಾಗದೆ ತಲೆ ತೇಲಿದಂತಾಗುತ್ತದೆ.

ಚಿಕಿತ್ಸೆಯ ಕಡೆ ಆಸ್ಟ್ರೇಲಿಯಾದ ಜೆಫ್ರಿ ಮೇಟ್‌ಲ್ಯಾಂಡ್ 1964ರಲ್ಲಿ ಬರೆದ ಪಠ್ಯವೂ ನ್ಯೂಜಿಲೆಂಡಿನ ಬ್ರಯಾನ್ ಮಲ್ಲಿಗನ್‌ನ ವಿಧಾನಗಳೂ ಫಿಸಿಯೊಥೆರಪಿಸ್ಟರ ಕೈಗೆ ಒಂದು ಶಿಸ್ತು ಕೊಟ್ಟವು. ಇದರಲ್ಲಿ ಲಟಕ್ಕೆಂದು ನೆಟಿಗೆ ಮುರಿಯುವುದಕ್ಕಿಂತ ಕೀಲನ್ನು ಮೆಲ್ಲಗೆ, ಪದೇಪದೇ ಸರಿಸಿ ನೋಡುವುದೇ ಹೆಚ್ಚು. ತಲೆಪೆಟ್ಟಿನ ನಂತರದ ತಲೆನೋವಿಗೇ ಇದನ್ನು ಒರೆಗೆ ಹಚ್ಚಿದ ಮೊದಲ ಪ್ರಯತ್ನಗಳಲ್ಲಿ ಒಂದು 1990ರಲ್ಲಿ ಡೆನ್ಮಾರ್ಕಿನಿಂದ ಬಂತು. ಕತ್ತಿನ ಕೈಚಿಕಿತ್ಸೆಯನ್ನು ತಣ್ಣನೆಯ ಪಟ್ಟಿಯ ಜೊತೆ ಹೋಲಿಸಿದ ಅದರಲ್ಲಿ ಕೊನೆಯವರೆಗೂ ಉಳಿದವರು 19 ಜನ. ಕೈಚಿಕಿತ್ಸೆ ಪಡೆದವರ ನೋವು ಮುಂದಿನ ವಾರಗಳಲ್ಲಿ ಚೆನ್ನಾಗಿ ಇಳಿದಿತ್ತು, ಆಮೇಲೆ ಅಂತರ ಕುಗ್ಗಿತು. 2002ರಲ್ಲಿ ಗ್ವೆಂಡೊಲೆನ್ ಜುಲ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದಲ್ಲಿ ಕತ್ತುಮೂಲದ ತಲೆನೋವಿನ 200 ಜನರನ್ನು ನಾಲ್ಕು ಗುಂಪು ಮಾಡಿ ನೋಡಿದಾಗ ಕೈಚಿಕಿತ್ಸೆ ಮತ್ತು ವ್ಯಾಯಾಮ ಎರಡೂ ಫಲ ಕೊಟ್ಟವು. ಒಂದು ವರ್ಷದ ನಂತರವೂ ಫಲ ಉಳಿದಿತ್ತು. ಸುಸಾನ್ ರೀಡ್ ಮತ್ತು ಸಂಗಡಿಗರು 2014ರಲ್ಲಿ ಕತ್ತುಮೂಲದ ತಲೆಸುತ್ತಿನ 86 ಜನರಲ್ಲಿ ಮಲ್ಲಿಗನ್ ಮತ್ತು ಮೇಟ್‌ಲ್ಯಾಂಡ್ ವಿಧಾನಗಳೆರಡೂ ಹುಸಿ ಲೇಸರಿಗಿಂತ ಮೇಲೆಂದು ತೋರಿಸಿದರು. ಈ ಎರಡು ಅಧ್ಯಯನಗಳು ಕನ್ಕಷನ್ ರೋಗಿಗಳಿಗೆಂದೇ ನಡೆದವಲ್ಲ ಎಂಬುದನ್ನು ಮರೆಯಬಾರದು.

ಆಗಿನ್ನೂ ಕನ್ಕಷನ್ನಿಗೆ ಚಿಕಿತ್ಸೆಯೆಂದರೆ ಕತ್ತಲೆಕೋಣೆಯ ವಿಶ್ರಾಂತಿ. ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ ಮತ್ತು ಬ್ಯಾರಿ ವಿಲ್ಲರ್ ರೋಗಿಗಳನ್ನು ಟ್ರೆಡ್‌ಮಿಲ್ ಹತ್ತಿಸಿ, ಲಕ್ಷಣ ಉಲ್ಬಣಿಸುವ ಮಟ್ಟಕ್ಕಿಂತ ಕೆಳಗೆ ದಿನವೂ ನಡೆಸಿದರೆ ಬೇಗ ಗುಣವಾಗುತ್ತದೆಂದು ತೋರಿಸಿ ಆ ಪದ್ಧತಿಯನ್ನು ಅಲುಗಾಡಿಸಿದರು. ಅವರ ಬಳಗ 2015ರಲ್ಲಿ ಮಂಡಿಸಿದ ಇನ್ನೊಂದು ಮಾತು ಕೈಚಿಕಿತ್ಸೆಗೆ ನೇರವಾಗಿ ಸಂಬಂಧಿಸಿದ್ದು: ರೋಗಿ ಹೇಳುವ ಲಕ್ಷಣಗಳ ಪಟ್ಟಿ ನೋಡಿ ಕೆಟ್ಟಿರುವುದು ಮಿದುಳೋ, ಕತ್ತೋ, ಒಳಕಿವಿಯೋ ಎಂದು ಹೇಳಲಾಗದು. ಟ್ರೆಡ್‌ಮಿಲ್ ಮೇಲೆ ಸುಸ್ತಾಗುವವರೆಗೆ ನಡೆದರೂ ಲಕ್ಷಣ ಹೆಚ್ಚದವನ ತೊಂದರೆಯನ್ನು ಕತ್ತಿನಲ್ಲೋ ಕಣ್ಣು–ಕಿವಿಯಲ್ಲೋ ಹುಡುಕಬೇಕು. ಅಂದರೆ ಮುಟ್ಟಿ, ತಿರುಗಿಸಿ ಪರೀಕ್ಷಿಸಲೇಬೇಕು.

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ಪ್ರಯೋಗ 2014ರದು. ಕೆನಡಾದ ಕ್ಯಾಲ್ಗರಿಯ ಕ್ಯಾಥರಿನ್ ಷ್ನೈಡರ್ ಮತ್ತು ಸಂಗಡಿಗರು ಆಟದಲ್ಲಿ ತಲೆಪೆಟ್ಟು ಬಿದ್ದು ತಲೆಸುತ್ತು, ಕತ್ತುನೋವು, ತಲೆನೋವು ಹೋಗದಿದ್ದ 12ರಿಂದ 30 ವರ್ಷದೊಳಗಿನ 31 ಜನರನ್ನು ಆರಿಸಿಕೊಂಡರು. ಎರಡೂ ಗುಂಪಿಗೆ ವಾರಕ್ಕೊಮ್ಮೆ ಫಿಸಿಯೊಥೆರಪಿಸ್ಟರ ಭೇಟಿ, ಚಲನೆಯ ವ್ಯಾಯಾಮ, ಭಂಗಿಯ ತಿಳಿವಳಿಕೆ. ಒಂದು ಗುಂಪಿಗೆ ಮಾತ್ರ ಇದರ ಮೇಲೆ ಕತ್ತಿನ ಕೈಚಿಕಿತ್ಸೆ ಮತ್ತು ಸಮತೋಲನದ ತರಬೇತಿ. ಎಂಟು ವಾರದೊಳಗೆ ಆಟಕ್ಕೆ ಮರಳಲು ವೈದ್ಯರ ಒಪ್ಪಿಗೆ ಸಿಕ್ಕಿದ್ದು ಈ ಗುಂಪಿನ 15ರಲ್ಲಿ 11 ಜನರಿಗೆ. ಇನ್ನೊಂದು ಗುಂಪಿನ 14ರಲ್ಲಿ ಒಬ್ಬರಿಗೆ. ಇಷ್ಟು ದೊಡ್ಡ ಅಂತರ ಪುನಶ್ಚೇತನ ವೈದ್ಯದಲ್ಲಿ ಅಪರೂಪ. ಆದರೆ ಗುಂಪುಗಳು ತೀರ ಚಿಕ್ಕವು. ಕೈಚಿಕಿತ್ಸೆ, ಸಮತೋಲನದ ತರಬೇತಿ ಎರಡನ್ನೂ ಒಟ್ಟಿಗೆ ಕೊಟ್ಟಿದ್ದರಿಂದ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳುವಂತಿಲ್ಲ.

ಬುರುಡೆಯ ಪಕ್ಷದವರೂ ಸುಮ್ಮನಿರಲಿಲ್ಲ. ಮಿದುಳಿನ ಕಸವನ್ನು ದ್ರವ ತೊಳೆಯುವ ವ್ಯವಸ್ಥೆ 2012ರಲ್ಲೂ, ಮಿದುಳಿನ ಪೊರೆಯಲ್ಲಿ ದುಗ್ಧನಾಳಗಳಿರುವುದು 2015ರಲ್ಲೂ ಪ್ರಾಣಿಗಳ ಅಧ್ಯಯನದಿಂದ ಹೊರಬಿದ್ದಾಗ ತಮ್ಮ ವಾದಕ್ಕೆ ಸಮರ್ಥನೆ ಸಿಕ್ಕಿತೆಂದು ಅವರು ಬಗೆದರು. ಹೊರಗಿನ ಹಗುರ ಸ್ಪರ್ಶದಿಂದ ಆ ಹರಿವು ಬದಲಾಗುತ್ತದೆ ಎಂಬುದಕ್ಕೆ ಈ ಸಂಶೋಧನೆಗಳಲ್ಲಿ ಆಧಾರವಿಲ್ಲ. 2017ರಲ್ಲಿ ಕ್ರೇನಿಯೊಸೇಕ್ರಲ್ ಥೆರಪಿಯನ್ನು ಅಮೆರಿಕದ ಫುಟ್‌ಬಾಲ್‌ನ 11 ಮಾಜಿ ಆಟಗಾರರ ಮೇಲೆ ಪ್ರಯೋಗಿಸಿ ನಿದ್ದೆ, ನೋವು, ನೆನಪಿನಲ್ಲಿ ಸುಧಾರಣೆ ಕಂಡಿತೆಂದು ವರದಿಯಾಯಿತು. ಹೋಲಿಸಲು ಇನ್ನೊಂದು ಗುಂಪೇ ಇರಲಿಲ್ಲ. ಜರ್ಮನಿಯ ಎಸೆನ್‌ನಲ್ಲಿ 54 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕಿಂತ ಗಟ್ಟಿ. ಹುಸಿ ಸ್ಪರ್ಶಕ್ಕಿಂತ ಈ ಚಿಕಿತ್ಸೆಯಿಂದ ಹಳೆಯ ಕತ್ತುನೋವು ಹೆಚ್ಚು ಇಳಿಯಿತು. ಅಲ್ಲೂ ಫಲ ಕಂಡದ್ದು ಕತ್ತಿನಲ್ಲೇ ಎಂಬುದು ಗಮನಾರ್ಹ.

ಕತ್ತಿಗೆ ಕೈ ಹಾಕುವುದರಲ್ಲಿ ನಿಜವಾದ ಅಪಾಯವೂ ಇದೆ. ಮಿದುಳಿಗೆ ರಕ್ತ ಒಯ್ಯುವ ನಾಲ್ಕು ಅಪಧಮನಿಗಳು ಕತ್ತಿನ ಮೂಲಕವೇ ಹಾಯುತ್ತವೆ. ಎರಡಂತೂ ಕಶೇರುಗಳ ರಂಧ್ರಗಳೊಳಗೇ ಸಾಗುತ್ತವೆ. ರಭಸದಿಂದ ತಿರುಚಿದರೆ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಬಡಿಯಬಹುದು. ಕ್ಷೌರದಂಗಡಿಯಲ್ಲಿ ತಲೆ ಮಾಲೀಸಿನ ಕೊನೆಗೆ ಕತ್ತಿನ ನೆಟಿಗೆ ಮುರಿಸಿಕೊಂಡ ಬಳ್ಳಾರಿಯ ಯುವಕನೊಬ್ಬನಿಗೆ ಹೀಗಾದದ್ದು 2024ರಲ್ಲಿ ಸುದ್ದಿಯಾಗಿತ್ತು. ತಲೆಪೆಟ್ಟು ಬಿದ್ದವರಲ್ಲಿ ಆ ಹೊಡೆತದಿಂದಲೇ ಅಪಧಮನಿ ಹರಿದಿರಬಹುದು, ಅಸ್ಥಿರಜ್ಜು ಸಡಿಲವಾಗಿರಬಹುದು, ಕಶೇರು ಬಿರುಕು ಬಿಟ್ಟಿರಬಹುದು. ಹಿಂದೆಂದೂ ಇರದಂಥ ತೀವ್ರ ಕತ್ತುನೋವು, ಮಾತು ತೊದಲುವುದು, ಎರಡೆರಡು ಕಾಣುವುದು, ಕೈಕಾಲು ಜೋಮು ಹಿಡಿಯುವುದು, ಹೆಚ್ಚುತ್ತಲೇ ಹೋಗುವ ವಾಂತಿ ಅಥವಾ ಮಂಪರು ಇದ್ದರೆ ಮೊದಲು ಆಸ್ಪತ್ರೆ. ಕೈಚಿಕಿತ್ಸೆಯ ಮಾತು ಆಮೇಲೆ.

ಅಮೆರಿಕದ ಫಿಸಿಯೊಥೆರಪಿಸ್ಟರು 2020ರಲ್ಲಿ ಹೊರತಂದ ಮಾರ್ಗಸೂಚಿ ಕನ್ಕಷನ್ ಆದವರ ಕತ್ತು, ಕಣ್ಣು–ಒಳಕಿವಿ, ಶ್ರಮ ತಾಳುವ ಶಕ್ತಿ, ಚಲನೆಯ ಹಿಡಿತ ಈ ನಾಲ್ಕನ್ನೂ ಪರೀಕ್ಷಿಸುವಂತೆ ಹೇಳುತ್ತದೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ತಜ್ಞರ ಸಮ್ಮೇಳನದ ಒಮ್ಮತದ ಹೇಳಿಕೆ ಮರುವರ್ಷ ಪ್ರಕಟವಾಯಿತು. ತಲೆಸುತ್ತು, ಕತ್ತುನೋವು, ತಲೆನೋವು ಹತ್ತು ದಿನ ಮೀರಿ ಉಳಿದರೆ ಕತ್ತು ಮತ್ತು ಸಮತೋಲನದ ಪುನಶ್ಚೇತನ ಕೊಡಬೇಕೆಂದು ಅದು ಶಿಫಾರಸು ಮಾಡಿದೆ. ಇದಕ್ಕೆ ದುಬಾರಿ ಯಂತ್ರಗಳೇನೂ ಬೇಡ. ಕತ್ತಿನ ಕೀಲುಗಳನ್ನೂ ಒಳಕಿವಿಯನ್ನೂ ಪರೀಕ್ಷಿಸಬಲ್ಲ ಒಬ್ಬ ಫಿಸಿಯೊಥೆರಪಿಸ್ಟ್ ಸಾಕು. ಬೈಕಿನಿಂದ ಬಿದ್ದು, ಸ್ಕ್ಯಾನ್ ಸರಿಯಿದೆ ಎನಿಸಿಕೊಂಡು ಮನೆಗೆ ಹೋಗಿ, ತಿಂಗಳಾದರೂ ತಲೆ ಸುತ್ತುತ್ತಿದೆ ಎನ್ನುವವರು ವೈದ್ಯರಲ್ಲಿ ಕೇಳಬೇಕಾದದ್ದು ಇಷ್ಟೇ: ಕತ್ತನ್ನೂ ಕಿವಿಯನ್ನೂ ಒಮ್ಮೆ ಸರಿಯಾಗಿ ಪರೀಕ್ಷಿಸಿ.