ಜಯಕರ್ ಸಮಿತಿಯೂ ರಸ್ತೆಯ ನಿಧಿಯೂ

ರಸ್ತೆಗಳ ಚರಿತ್ರೆಯನ್ನು ಹೇಳುವವರು ಅವನ್ನು ಹಾಕಿಸಿದ ದೊರೆಗಳನ್ನೂ ಕಟ್ಟಿದ ಇಂಜಿನಿಯರುಗಳನ್ನೂ ಸ್ಮರಿಸುವುದುಂಟು. ಆ ಕೆಲಸಕ್ಕೆ ಹಣವೊದಗುವ ದಾರಿಯನ್ನು ತೋರಿದವರನ್ನು ನೆನೆಯುವುದು ಅಪರೂಪ. ಅಂತಹವರಲ್ಲೊಬ್ಬರು ಮುಕುಂದ ರಾಮರಾವ್ ಜಯಕರರು. 1873ರಲ್ಲಿ ಜನಿಸಿ, ಮುಂಬಯಿಯಲ್ಲಿ ನ್ಯಾಯವಾದಿಗಳಾಗಿ ಪ್ರಸಿದ್ಧರಾದ ಇವರು 1926ರ ಚುನಾವಣೆಯಿಂದ ಕೇಂದ್ರ ಶಾಸನಸಭೆಯನ್ನು ಸೇರಿದರು. 1937ರಲ್ಲಿ ಫೆಡರಲ್ ನ್ಯಾಯಾಲಯದ ನ್ಯಾಯಾಧೀಶರಾದರು. ಆದರೆ ಈ ಭಾಷಣದ ವಿಷಯ ನ್ಯಾಯಶಾಸ್ತ್ರವಲ್ಲ. ಜಲ್ಲಿ, ಧೂಳು ಮತ್ತು ಬೊಕ್ಕಸ.

1918ರಲ್ಲಿ ಮೊದಲನೆಯ ಮಹಾಯುದ್ಧವು ಮುಗಿದಮೇಲೆ ಇಂಡಿಯಾ ದೇಶದಲ್ಲಿ ಮೋಟಾರು ಗಾಡಿಗಳ ಸಂಖ್ಯೆ ಏರತೊಡಗಿತು. ಆಗಿನ ಒಳ್ಳೆಯ ರಸ್ತೆಯೆಂದರೆ ಜಲ್ಲಿಯನ್ನು ಹರಡಿ, ಮಣ್ಣು ಚೆಲ್ಲಿ, ನೀರು ಹಾಯಿಸಿ, ಉರುಳೆಯಿಂದ ಒತ್ತಿ ಮಾಡಿದ್ದು. ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿಯು ಅದರ ಕಲ್ಲನ್ನು ಅರೆದು ಪುಡಿಮಾಡುತ್ತಿತ್ತು. ಮೋಟಾರಿನ ರಬ್ಬರು ಚಕ್ರವು ಆ ಪುಡಿಯನ್ನು ಹೀರಿ ಗಾಳಿಗೆ ತೂರುತ್ತಿತ್ತು. ಇವೆರಡೂ ಕೂಡಿ ಓಡಾಡಿದ ಕಡೆ ರಸ್ತೆಯು ಬಹುಬೇಗ ಹಾಳಾಗುತ್ತಿತ್ತು.

ರಿಪೇರಿಗೆ ಹಣವೆಲ್ಲಿ? 1919ರ ಸುಧಾರಣೆಗಳ ಪ್ರಕಾರ ರಸ್ತೆಗಳು ಪ್ರಾಂತಗಳ ಪಾಲಿಗೆ ಬಂದಿದ್ದುವು. ಪ್ರಾಂತಗಳು ಅವುಗಳಲ್ಲಿ ಬಹುಭಾಗವನ್ನು ಜಿಲ್ಲಾ ಬೋರ್ಡುಗಳಿಗೆ ಒಪ್ಪಿಸಿದ್ದುವು. ಆದರೆ ಪೆಟ್ರೋಲಿನ ಮೇಲಿನ ಸುಂಕವೆಲ್ಲವೂ ಇಂಡಿಯಾ ಸರ್ಕಾರದ ಬೊಕ್ಕಸಕ್ಕೆ ಸೇರುತ್ತಿತ್ತು. ಹೀಗೆ ಸವೆದ ರಸ್ತೆಯನ್ನು ಕಟ್ಟುವ ಹೊಣೆ ಒಬ್ಬರದು, ಸವೆಸಿದವರಿಂದ ಸುಂಕ ಪಡೆಯುವ ಅಧಿಕಾರ ಮತ್ತೊಬ್ಬರದು ಎಂಬ ವಿಚಿತ್ರ ಸ್ಥಿತಿಯೊದಗಿತು.

ಈ ತೊಡಕನ್ನು ವಿಚಾರಮಾಡಲು ಕೇಂದ್ರದ ಎರಡು ಸಭೆಗಳ ಸದಸ್ಯರಿಂದ ಕೂಡಿದ ಸಮಿತಿಯೊಂದು 1927ರಲ್ಲಿ ಜಯಕರರ ಅಧ್ಯಕ್ಷತೆಯಲ್ಲಿ ನೇಮಕವಾಗಿ, 1928ರಲ್ಲಿ ವರದಿಯನ್ನೊಪ್ಪಿಸಿತು. ರಸ್ತೆಗಳ ಅಭಿವೃದ್ಧಿಯು ಪ್ರಾಂತಗಳ ಮತ್ತು ಸ್ಥಳೀಯ ಸಂಸ್ಥೆಗಳ ಶಕ್ತಿಯನ್ನು ಮೀರಿಹೋಗಿದೆ. ಅದು ಸಮಸ್ತ ದೇಶದ ಹಿತಕ್ಕೆ ಸೇರಿದ ವಿಷಯ. ಪೆಟ್ರೋಲಿನ ಮೇಲೆ ಅಧಿಕ ಸುಂಕವನ್ನು ವಿಧಿಸಿ ಅದನ್ನು ರಸ್ತೆಗಳಿಗೆಂದೇ ಬೇರೆ ನಿಧಿಯಾಗಿ ಇಡಬೇಕು. ಇಂಜಿನಿಯರುಗಳು ಅನುಭವವನ್ನು ಹಂಚಿಕೊಳ್ಳುವುದಕ್ಕೆ ಒಂದು ಮಂಡಲಿಯೂ ಸಂಶೋಧನೆಗೆ ಒಂದು ಸಂಸ್ಥೆಯೂ ಬೇಕು. ಇವು ಅದರ ಮುಖ್ಯ ಸಲಹೆಗಳು.

1929ರ ಮಾರ್ಚಿಯಿಂದ ಗ್ಯಾಲನ್ನಿಗೆ 4 ಆಣೆಯಿದ್ದ ಸುಂಕವು 6 ಆಣೆಯಾಯಿತು. ಹೆಚ್ಚಿದ 2 ಆಣೆಯೇ ಕೇಂದ್ರ ರಸ್ತೆ ನಿಧಿಗೆ ಮೂಲಧನ. ಈ ಯುಕ್ತಿಯ ಸೊಗಸು ಅದರ ಸರಳತೆಯಲ್ಲಿದೆ. ಹೆಚ್ಚು ದೂರ ಓಡುವವನು ಹೆಚ್ಚು ಪೆಟ್ರೋಲು ಸುಡುತ್ತಾನೆ, ಹೆಚ್ಚು ಸುಂಕ ಕೊಡುತ್ತಾನೆ. ವಸೂಲಿಗೆ ಹೊಸ ಅಮಲ್ದಾರರ ಅಗತ್ಯವಿಲ್ಲ. ವರ್ಷದ ಕೊನೆಗೆ ಉಳಿದ ಹಣವು ಬೊಕ್ಕಸದಲ್ಲಿ ಲೀನವಾಗದೆ ರಸ್ತೆಗೇ ಮೀಸಲಾಗಿರುತ್ತಿತ್ತು. ಸ್ವಲ್ಪ ಭಾಗವನ್ನು ಕೇಂದ್ರವು ಕಾದಿರಿಸಿಕೊಂಡು, ಮಿಕ್ಕುದನ್ನು ಪೆಟ್ರೋಲು ಖರ್ಚಾದ ಪ್ರಮಾಣಕ್ಕನುಸಾರವಾಗಿ ಪ್ರಾಂತಗಳಿಗೂ ದೇಶೀಯ ಸಂಸ್ಥಾನಗಳಿಗೂ ಹಂಚುವ ಏರ್ಪಾಡಾಯಿತು. ಸಂಸ್ಥಾನದ ಪ್ರಜೆಯು ಕೊಟ್ಟ ಸುಂಕದಲ್ಲಿ ಒಂದಂಶವು ಸಂಸ್ಥಾನದ ರಸ್ತೆಗೇ ಹಿಂದಿರುಗಲು ಹೀಗೆ ಮಾರ್ಗವಾಯಿತು.

ಇದಕ್ಕೆ ಆಕ್ಷೇಪಣೆ ಇಲ್ಲದಿಲ್ಲ. ಒಂದು ತೆರಿಗೆಯನ್ನು ಒಂದೇ ಕೆಲಸಕ್ಕೆ ಕಟ್ಟಿಹಾಕಿದರೆ ಬರಗಾಲವೇ ಮೊದಲಾದ ಸಂಕಟಗಳಲ್ಲಿ ಸರ್ಕಾರದ ಕೈ ಕಟ್ಟಿದಂತಾಗುವುದೆಂಬುದು ಅರ್ಥಶಾಸ್ತ್ರಜ್ಞರ ಹಳೆಯ ವಾದ. ಅದಕ್ಕಿಂತ ಗುರುತರವಾದುದು ಇನ್ನೊಂದು. ಪೆಟ್ರೋಲಿನ ಪ್ರಮಾಣಕ್ಕೆ ತಕ್ಕಂತೆ ಹಂಚಿದರೆ ಮೋಟಾರುಗಳುಳ್ಳ ಸೀಮೆಗೆ ಹೆಚ್ಚು ಹಣ. ರಸ್ತೆಯಿಲ್ಲದೆಯೇ ಮೋಟಾರು ಬಾರದಿರುವ ಸೀಮೆಗೆ ಕಡಮೆ. ಉಳ್ಳವರಿಗೇ ಮತ್ತಷ್ಟು ಎಂಬ ಈ ದೋಷವನ್ನು ಕೇಂದ್ರವು ಕಾದಿರಿಸಿದ ಅಲ್ಪಭಾಗವು ಪೂರ್ಣವಾಗಿ ಸರಿಪಡಿಸಬಲ್ಲುದಾಗಿರಲಿಲ್ಲ.

ಆದರೂ ಸಮಿತಿಯು ಬಿತ್ತಿದ ಬೀಜ ವ್ಯರ್ಥವಾಗಲಿಲ್ಲ. 1934ರ ಡಿಸೆಂಬರಿನಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸ್ಥಾಪಿತವಾಯಿತು. 1943ರಲ್ಲಿ ನಾಗಪುರದಲ್ಲಿ ನೆರೆದ ಮುಖ್ಯ ಇಂಜಿನಿಯರುಗಳು ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆಗಳೆಂದು ವಿಂಗಡಿಸಿ 20 ವರ್ಷಗಳ ಯೋಜನೆಯನ್ನು ರಚಿಸಿದರು. 2000ದಲ್ಲಿ ರಸ್ತೆ ನಿಧಿಗೆ ಪಾರ್ಲಿಮೆಂಟಿನ ಶಾಸನದ ಆಧಾರವೇ ದೊರೆಯಿತು. ಪೆಟ್ರೋಲಿನೊಡನೆ ಡೀಸೆಲ್ಲಿನ ಕರವೂ ಅದಕ್ಕೆ ಸೇರಿ, ಗ್ರಾಮಗಳ ರಸ್ತೆಗೂ ಒಂದು ಪಾಲು ನಿಗದಿಯಾಯಿತು. 2018ರಲ್ಲಿ ನಿಧಿಯ ಹೆಸರೇ ಹಿಗ್ಗಿ, ರಸ್ತೆಯಲ್ಲದ ಇತರ ಸೌಕರ್ಯಗಳಿಗೂ ಹಣ ಹರಿಯಲು ಅವಕಾಶವಾಯಿತು.

ಹೀಗೆ ಜಯಕರರ ಕಾಲದ ಪ್ರಶ್ನೆಯು ರೂಪ ಬದಲಿಸಿ ಉಳಿದುಕೊಂಡಿದೆ. ಒಂದು ಕಾರ್ಯಕ್ಕೆಂದು ಜನರಿಂದ ಪಡೆದ ಹಣವು ಆ ಕಾರ್ಯಕ್ಕೇ ಸಲ್ಲಬೇಕೇ? ಸಲ್ಲುವುದಾದರೆ ಅದು ಕೊಟ್ಟವನ ಬಾಗಿಲಿಗೆ ಹೋಗಬೇಕೇ, ರಸ್ತೆಯನ್ನೇ ಕಾಣದವನ ಬಾಗಿಲಿಗೇ? 2 ಆಣೆಯ ಸುಂಕದಿಂದ ಹುಟ್ಟಿದ ಈ ಪ್ರಶ್ನೆಗಳನ್ನು ಇಂಜಿನಿಯರು ಬಿಡಿಸಲಾರನು. ಪ್ರಜೆಗಳೂ ಅವರ ಪ್ರತಿನಿಧಿಗಳೂ ಆಯವ್ಯಯದ ಲೆಕ್ಕವನ್ನು ಕೈಯಲ್ಲಿ ಹಿಡಿದು ವರ್ಷವರ್ಷವೂ ಕೇಳಬೇಕಾದ ಪ್ರಶ್ನೆಗಳಿವು.