ಬೆಳೆವಿಮೆಯ ಫಲ ಯಾರ ಪಾಲಿಗೆ?

ಬಿತ್ತುವುದು ರೈತನ ಕೈಯಲ್ಲಿದೆ. ಮಳೆ ಸುರಿಸುವುದು ಅವನ ಕೈಯಲ್ಲಿಲ್ಲ. ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಮೈಸೂರು ಸಂಸ್ಥಾನವನ್ನು ಕಾಡಿದ ಘೋರ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನರು ಅಸುನೀಗಿದರು. ಪ್ರಜೆಗಳ ಐದರಲ್ಲೊಂದು ಭಾಗವೇ ಅಳಿಯಿತು. ಇಂತಹ ಭಯದಿಂದ ರೈತನನ್ನು ಪಾರುಮಾಡುವ ಸದುದ್ದೇಶದಿಂದ ಹುಟ್ಟಿದ್ದು ಬೆಳೆವಿಮೆಯ ವಿಚಾರ. ಸರಕಾರದ ಬೊಕ್ಕಸದಿಂದ ಕೋಟ್ಯಂತರ ರೂಪಾಯಿಗಳ ನೆರವು ಪಡೆಯುವ ಈ ವಿಮೆಯ ಫಲವು ನಿಜವಾಗಿ ಯಾರನ್ನು ಮುಟ್ಟಿತೆಂಬುದನ್ನು ಇತಿಹಾಸದ ಬೆಳಕಿನಲ್ಲಿ ಪರ್ಯಾಲೋಚಿಸುವುದು ಉಚಿತವಾಗಿದೆ.

ಭಾರತದಲ್ಲಿ ಈ ವಿಚಾರಕ್ಕೆ ಮೊದಲು ಸ್ಪಷ್ಟ ರೂಪ ಕೊಟ್ಟವರು ಮೈಸೂರು ಸರಕಾರದ ಸೇವೆಯಲ್ಲಿದ್ದ ಜೆ. ಎಸ್. ಚಕ್ರವರ್ತಿಯವರು. 1920ರಲ್ಲಿ ಪ್ರಕಟವಾದ ವ್ಯವಸಾಯ ವಿಮೆಯ ಗ್ರಂಥದಲ್ಲಿ ಅವರು ಪ್ರತಿಯೊಂದು ಹೊಲವನ್ನೂ ಪರೀಕ್ಷಿಸುವ ಮಾರ್ಗವನ್ನು ಬಿಟ್ಟು, ಪ್ರದೇಶದ ಮಳೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡರು. ಮಳೆ ಗೊತ್ತಾದ ಪ್ರಮಾಣಕ್ಕಿಂತ ಕಡಿಮೆಯಾದರೆ ವಿಮೆ ಮಾಡಿಸಿದವರಿಗೆಲ್ಲ ಪರಿಹಾರ ಸಲ್ಲಬೇಕು. ಮಳೆಮಾಪಕದ ಲೆಕ್ಕವನ್ನು ರೈತನೂ ತಿದ್ದಲಾರ, ಅಧಿಕಾರಿಯೂ ತಿದ್ದಲಾರ. ಈ ಯೋಜನೆಯ ಕೇಂದ್ರದಲ್ಲಿ ಇದ್ದವನು ಉಳುವವನು. ಆದರೆ ಅದು ಕಾರ್ಯರೂಪಕ್ಕೆ ಬರಲಿಲ್ಲ.

ಸ್ವಾತಂತ್ರ್ಯಾನಂತರ ಬಹುಕಾಲ ಚರ್ಚೆಯೇ ನಡೆಯಿತು. 1972ರಲ್ಲಿ ಗುಜರಾತಿನ ಎಚ್-4 ಹತ್ತಿಯ ಬೆಳೆಗೆ ಒಬ್ಬೊಬ್ಬ ರೈತನ ಹೊಲವನ್ನೇ ಲೆಕ್ಕಕ್ಕೆ ಹಿಡಿಯುವ ಪ್ರಯೋಗ ಆರಂಭವಾಯಿತು. 1978ರವರೆಗೆ ಅದರೊಳಗೆ ಬಂದವರು 3,110 ರೈತರು; ಕಂತಿನ ರೂಪದಲ್ಲಿ ಬಂದದ್ದು 4.54 ಲಕ್ಷ ರೂಪಾಯಿ, ಪರಿಹಾರವಾಗಿ ಹೋದದ್ದು 37.88 ಲಕ್ಷ. ಬಳಿಕ ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್ ಅವರು ಪ್ರದೇಶದ ಸರಾಸರಿ ಇಳುವರಿಯನ್ನು ಆಧಾರವಾಗಿಸುವ ಮಾರ್ಗ ತೋರಿದರು. ಅದರ ಪ್ರಕಾರ 1979ರಲ್ಲಿ ಪ್ರಾಯೋಗಿಕ ಯೋಜನೆಯೂ 1985ರಲ್ಲಿ ಸಮಗ್ರ ಬೆಳೆವಿಮಾ ಯೋಜನೆಯೂ ಜಾರಿಗೆ ಬಂದವು.

ನಮ್ಮ ಪ್ರಶ್ನೆಯ ಮರ್ಮವಿರುವುದು ಈ 1985ರ ಯೋಜನೆಯಲ್ಲಿಯೇ. ಸಹಕಾರ ಸಂಘ ಅಥವಾ ಬ್ಯಾಂಕಿನಿಂದ ಬೆಳೆಸಾಲ ಪಡೆದವನಿಗೆ ಮಾತ್ರ ಅಲ್ಲಿ ವಿಮೆಯಿತ್ತು. ಸಾಹುಕಾರನ ಮನೆಯಿಂದ ಸಾಲ ತಂದ ಬಡವನು ಹೊರಗುಳಿದನು. ಪರಿಹಾರದ ಹಣವು ಮೊದಲು ಸಾಲ ಕೊಟ್ಟ ಸಂಸ್ಥೆಗೆ ಸಂದು ಬಾಕಿಗೆ ಜಮೆಯಾಗುತ್ತಿತ್ತು. ಇದರಿಂದ ರೈತನಿಗೆ ಲಾಭವೇ ಆಗಲಿಲ್ಲವೆನ್ನುವುದು ಸರಿಯಲ್ಲ. ಬಾಕಿ ತೀರಿದರೆ ಮುಂದಿನ ಹಂಗಾಮಿಗೆ ಹೊಸ ಸಾಲ ದೊರೆಯುತ್ತಿತ್ತು. ಆದರೂ ರೈತನ ಮನೆಯ ಕಣಜಕ್ಕಿಂತ ಮೊದಲು ಭದ್ರವಾದದ್ದು ಸಾಲ ಕೊಟ್ಟವರ ತಿಜೋರಿ.

ಇನ್ನೊಂದು ಅಸಮತೆಯೂ ಇತ್ತು. ಧಾನ್ಯಗಳಿಗೆ ನೂರಕ್ಕೆ 2, ಬೇಳೆಕಾಳು ಎಣ್ಣೆಕಾಳುಗಳಿಗೆ ನೂರಕ್ಕೆ 1ರಂತೆ ದೇಶಕ್ಕೆಲ್ಲ ಒಂದೇ ಕಂತು. ಮಳೆ ಕೈಕೊಡುವ ಸೌರಾಷ್ಟ್ರದ ಶೇಂಗಾ ಬೆಳೆಗೂ ಅಷ್ಟೇ. 1999ರಲ್ಲಿ ಯೋಜನೆ ಮುಗಿಯುವ ವೇಳೆಗೆ ಸುಮಾರು 403 ಕೋಟಿ ಕಂತು ಬಂದು ಸುಮಾರು 2,303 ಕೋಟಿ ಪರಿಹಾರ ಸಂದಿತ್ತು. ಅದರಲ್ಲಿ ಅರ್ಧದ ಸಮೀಪ ಗುಜರಾತ್ ಒಂದಕ್ಕೇ ಹೋಯಿತು. ಕೊರತೆಯನ್ನು ತುಂಬಿದ್ದು ಸಾರ್ವಜನಿಕರ ಹಣ.

1999ರ ರಾಷ್ಟ್ರೀಯ ಯೋಜನೆಯು ಸಾಲ ಪಡೆಯದವರಿಗೂ ಬಾಗಿಲು ತೆರೆಯಿತು. 2016ರ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತನ ಪಾಲು ಆಹಾರಧಾನ್ಯ, ಎಣ್ಣೆಕಾಳುಗಳಿಗೆ ಮುಂಗಾರಿನಲ್ಲಿ ನೂರಕ್ಕೆ 2, ಹಿಂಗಾರಿನಲ್ಲಿ ಒಂದೂವರೆ. ಉಳಿದದ್ದು ಸರಕಾರಗಳ ಹೊರೆ. ಹಿಂದೆ ಕೊರತೆಯ ವರ್ಷದಲ್ಲಿ ಸರಕಾರವು ಪರಿಹಾರಕ್ಕೆ ಹಣ ತೆರುತ್ತಿತ್ತು. ಈಗ ಪ್ರತಿವರ್ಷವೂ ವಿಮಾ ಕಂಪನಿಗೆ ಕಂತು ತೆರುತ್ತದೆ. ಬರ ಬಂದರೆ ಕಂಪನಿ ನಷ್ಟ ಹೊರುವುದು ನಿಜ. ಸುಭಿಕ್ಷದ ವರ್ಷದಲ್ಲಿ ಮಿಗುವ ಹಣವೂ ಅದರದೇ. ಇದನ್ನು ಮನಗಂಡು 2020ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಂಪನಿಯ ಲಾಭ ನಷ್ಟಗಳೆರಡಕ್ಕೂ ಮಿತಿ ಹಾಕಲಾಯಿತು. ಅದೇ ವರ್ಷದಿಂದ ಸಾಲಗಾರ ರೈತನಿಗೆ ವಿಮೆಯು ಕಡ್ಡಾಯವಲ್ಲದೆ ಐಚ್ಛಿಕವಾಯಿತು.

ಇಷ್ಟೆಲ್ಲ ತಿದ್ದುಪಡಿಗಳಾದರೂ ಒಬ್ಬನು ಹೊರಗೇ ನಿಂತಿದ್ದಾನೆ. ನಮ್ಮ ರಾಜ್ಯದಲ್ಲಿ 1974ರ ಭೂಸುಧಾರಣೆಯು ಗೇಣಿ ಪದ್ಧತಿಯನ್ನು ನಿಷೇಧಿಸಿತು. ಆದರೆ ಬಾಯಿಮಾತಿನ ಗುತ್ತಿಗೆ, ಪಾಲುಸಾಗುವಳಿಗಳು ನಿಲ್ಲಲಿಲ್ಲ. ಬೀಜ ಗೊಬ್ಬರಕ್ಕೆ ಹಣ ಹಾಕಿ ಬೆವರು ಸುರಿಸುವವನ ಹೆಸರು ಪಹಣಿಯಲ್ಲಿಲ್ಲ. ಪಾಲುಗಾರನಿಗೂ ವಿಮೆಯುಂಟೆಂದು ನಿಯಮ ಹೇಳುತ್ತದೆ. ಅವನ ಕೈಯಲ್ಲಿ ತೋರಿಸಲು ಕಾಗದವಿಲ್ಲ. ಬೆಳೆ ಒಣಗುವುದು ಅವನದು, ಪರಿಹಾರ ಬರುವುದು ಭೂಮಾಲೀಕನ ಖಾತೆಗೆ.

ಕಾನೂನಿನ ಈ ಬಿರುಕನ್ನು ಸರಕಾರ ಮುಚ್ಚಬೇಕಾದದ್ದು ನ್ಯಾಯ. ಆದರೆ ಅಲ್ಲಿಯವರೆಗೆ ನಾವು ಕಾಯಬೇಕಾಗಿಲ್ಲ. ಮಠದ ಪ್ರಸಾದನಿಲಯದಲ್ಲಿ ಓದಿ ಪಟ್ಟಣಗಳಲ್ಲಿ ಉದ್ಯೋಗದಲ್ಲಿರುವ ಅನೇಕರ ಹೊಲಗಳನ್ನು ಇಂದು ಊರಿನಲ್ಲಿ ಬೇರೆಯವರು ಉಳುತ್ತಿದ್ದಾರೆ. ಬರಗಾಲದ ವರ್ಷ ಅಂಥವರ ಖಾತೆಗೆ ಪರಿಹಾರ ಬಂದಾಗ, ಅದು ಯಾರ ಬೆವರಿನ ಬೆಲೆಯೆಂದು ಒಮ್ಮೆ ಕೇಳಿಕೊಳ್ಳಲಿ. ಅದನ್ನು ಉತ್ತವನ ಕೈಗೆ ಮುಟ್ಟಿಸುವುದು ದಾನವಲ್ಲ. ಅವನದನ್ನು ಅವನಿಗೆ ಒಪ್ಪಿಸುವುದು. ಸುಮಾರು ನೂರು ವರ್ಷಗಳ ಹಿಂದೆ ಮೈಸೂರಿನಲ್ಲಿ ಮೂಡಿದ ಆಲೋಚನೆಯು ಸಾರ್ಥಕವಾಗುವುದು ಆಗಲೇ.